‘ಇರಲಿ’ಯ ತೂಕ

ಹೋದ ವರ್ಷ ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಪಕ್ಕದ ರಸ್ತೆಯಲ್ಲಿ ನನ್ನ ಬ್ಯಾಗಿನ ಬಲಗಡೆಯ ಪಟ್ಟಿ ಕಿತ್ತು ಬಂತು. ಸೈಕಲ್ ತುಳಿಯುತ್ತಿದ್ದೆ. ಚರ್ರ್ ಎಂದು ಸದ್ದಾದದ್ದೇ ತಡ, ಭಾರವೆಲ್ಲ ಎಡ ಹೆಗಲಿಗೆ ಜೋತುಬಿದ್ದು ಹ್ಯಾಂಡಲ್ ಅತ್ತ ವಾಲಿತು. ಹಿಂದೆ ಬರುತ್ತಿದ್ದ ಆಟೋದವರು ಸಮಯಕ್ಕೆ ಬ್ರೇಕ್ ಹಾಕಿದರು. ಬೈಯಲಿಲ್ಲ. ಪಕ್ಕಕ್ಕೆ ಬಂದು, “ನಿಧಾನ ಸಾರ್, ಹೊರೆ ಜಾಸ್ತಿ ಆಗಿದೆ” ಎಂದಷ್ಟೇ ಹೇಳಿ ಮುಂದೆ ಹೋದರು.

ಕುವೆಂಪುನಗರದಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿರುವ ನನ್ನ ಕಚೇರಿಗೆ ಹತ್ತು ಕಿಲೋಮೀಟರ್ ಹತ್ತಿರ. ಆರು ವರ್ಷದಿಂದ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದೇನೆ. ಟೈರಿನ ಗಾಳಿ, ಚೈನಿನ ಎಣ್ಣೆ, ಬ್ರೇಕಿನ ಸವೆತ ಎಲ್ಲದರ ಮೇಲೂ ಕಣ್ಣಿಟ್ಟವನು ಬೆನ್ನ ಮೇಲೆ ಏನಿದೆ ಎಂದು ಒಮ್ಮೆಯೂ ನೋಡಿಕೊಂಡಿರಲಿಲ್ಲ. ಬೆನ್ನು ಅಂಥದ್ದು. ನಮ್ಮದೇ ಮೈಯಲ್ಲಿ ನಮಗೆ ಕಾಣದ ಜಾಗ.

ಆ ರಾತ್ರಿ ಹಜಾರದಲ್ಲಿ ಚಾಪೆ ಹಾಸಿ ಬ್ಯಾಗನ್ನು ಬೋರಲು ಹಾಕಿದೆ. ಲ್ಯಾಪ್‌ಟಾಪ್, ಅದರ ಚಾರ್ಜರ್, ಊಟದ ಡಬ್ಬಿ, ನೀರಿನ ಬಾಟಲಿ. ಇವು ದಿನವೂ ಬೇಕಾದವು. ಆಮೇಲೆ ಬಿದ್ದವು ಬೇರೆ ಜಾತಿಯವು: ಒಂದು ಕೊಡೆ, ಅದರ ಜೊತೆಗೇ ಒಂದು ಮಳೆಕೋಟು, ಒಂದು ಸ್ವೆಟರ್, ಆಧಾರ್ ಕಾರ್ಡಿನ ನಾಲ್ಕು ಜೆರಾಕ್ಸ್, ಬಳಸುವ ಗಡುವು ಮುಗಿದ ಜ್ವರದ ಗುಳಿಗೆಗಳು, ಮೂರು ಪೆನ್ನು, ಒಂದೂ ಪುಟ ಬರೆಯದ ಡೈರಿ, ಎರಡು ಹೆಚ್ಚುವರಿ ವೈರು, ಸ್ಪ್ಯಾನರುಗಳ ಒಂದು ಪೂರ್ತಿ ಸೆಟ್ಟು, ಸಮಯ ಸಿಕ್ಕಾಗ ಓದೋಣವೆಂದು ಆರು ತಿಂಗಳ ಹಿಂದೆ ಇಟ್ಟ ದಪ್ಪ ಪುಸ್ತಕ. ಮಗಳು ಪಕ್ಕದಲ್ಲಿ ಕೂತು ಒಂದೊಂದನ್ನೇ ಎತ್ತಿ, “ಇದ್ಯಾಕಪ್ಪ?” ಎಂದು ಕೇಳುತ್ತಾ ಹೋದಳು. “ಇರಲಿ ಅಂತ.” “ಇದು?” “ಅದೂ ಇರಲಿ ಅಂತ.” ಐದಾರು ಸಲ ಅದೇ ಮಾತು ನನ್ನ ಬಾಯಿಂದ ಬಂದಾಗ ನಾನೇ ಸುಮ್ಮನಾದೆ.

ತೂಕದ ಯಂತ್ರದ ಮೇಲೆ ಬ್ಯಾಗಿನ ಜೊತೆ ಒಮ್ಮೆ, ಬ್ಯಾಗಿಲ್ಲದೆ ಒಮ್ಮೆ ನಿಂತು ನೋಡಿದೆ. 8.2 ಕಿಲೋ. ಇದರಲ್ಲಿ ದಿನದ ನಾಲ್ಕು ವಸ್ತುಗಳು ಸೇರಿ 4 ಕಿಲೋ, ಖಾಲಿ ಬ್ಯಾಗ್ 1.1 ಕಿಲೋ. ಉಳಿದ 3.1 ಕಿಲೋ ಬರೀ ‘ಇರಲಿ’.

ಹೈಸ್ಕೂಲಿನಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ಮೂರು ಕ್ರಿಯಾರೂಪಗಳನ್ನು ಬಾಯಿಪಾಠ ಮಾಡಿದ್ದು ನೆನಪಿಗೆ ಬಂತು. ಬರಲಿ, ಬಾರನು, ಬಂದಾನು. ಆಗ ಅದು ಐದು ಅಂಕದ ಪ್ರಶ್ನೆ. ಈಗ ಚಾಪೆಯ ಮೇಲೆ ಹರಡಿದ್ದ ಸಾಮಾನಿನಲ್ಲಿ ಅದೇ ವ್ಯಾಕರಣ ಕಾಣತೊಡಗಿತು. ಮಳೆ ಬಂದೀತು, ಕೊಡೆ ಇರಲಿ. ಚಳಿಯಾದೀತು, ಸ್ವೆಟರ್ ಇರಲಿ. ಯಾರಾದರೂ ಕೇಳಿಯಾರು, ಜೆರಾಕ್ಸ್ ಇರಲಿ. ಸಂಭಾವನೆ ಹುಟ್ಟಿಸುವ ದಿಗಿಲಿಗೆ ವಿಧ್ಯರ್ಥ ಸಮಾಧಾನ ಹೇಳುತ್ತದೆ, ಆ ಸಮಾಧಾನವನ್ನು ಬೆನ್ನು ಹೊರುತ್ತದೆ. ಕಾರಿನಲ್ಲಿ ಹೋಗುವವರ ‘ಇರಲಿ’ ಡಿಕ್ಕಿಯಲ್ಲಿ ಕೂತಿರುತ್ತದೆ, ಅದನ್ನು ಪೆಟ್ರೋಲು ಹೊರುತ್ತದೆ. ಬಸ್ಸಿನಲ್ಲಿ ಕಾಲ ಬುಡದಲ್ಲಿ ಇಟ್ಟುಕೊಳ್ಳಬಹುದು. ಸೈಕಲ್ಲಿನಲ್ಲಿ ಮಾತ್ರ ಒಂದೊಂದು ಗ್ರಾಮೂ ನನ್ನದೇ ಮಂಡಿಯನ್ನು, ನನ್ನದೇ ಉಸಿರನ್ನು ದಾಟಿಯೇ ಮುಂದೆ ಹೋಗಬೇಕು. ಯಾದವಗಿರಿಯ ಏರಿನಲ್ಲಿ ನಾನು ಏದುಸಿರು ಬಿಡುತ್ತಿದ್ದದ್ದು ಮೂರು ಕಿಲೋ ಆದೀತುಗಳನ್ನು ಹೊತ್ತು.

ಆ ಏರಿನಲ್ಲೇ, ವಿವೇಕಾನಂದ ರಸ್ತೆಯಲ್ಲಿ ಲೇಖಕ ಆರ್. ಕೆ. ನಾರಾಯಣ್ ಅವರ ಮನೆಯಿದೆ. 2016ರಿಂದ ಅದು ಸ್ಮಾರಕ ವಸ್ತುಸಂಗ್ರಹಾಲಯ. ದಿನವೂ ಅದರ ಹತ್ತಿರವೇ ಹಾದುಹೋಗುತ್ತೇನೆ. ರಾಜ್ಯಸಭೆಗೆ ನಾಮನಿರ್ದೇಶನಗೊಂಡಿದ್ದ ಅವರು 1989ರಲ್ಲಿ ಅಲ್ಲಿ ಮೊದಲ ಸಲ ಮಾತಾಡಲು ಎದ್ದಾಗ ಸಾಹಿತ್ಯದ ಬಗ್ಗೆ ಮಾತಾಡಲಿಲ್ಲ, ಶಾಲೆಯ ಮಕ್ಕಳ ಬೆನ್ನಿನ ಮೇಲಿನ ಚೀಲದ ಬಗ್ಗೆ ಮಾತಾಡಿದರು. ಆ ಮಾತಿನ ಕಾವು ಆರದೆ ಉಳಿದು 1992ರಲ್ಲಿ ಪ್ರೊ. ಯಶಪಾಲ್ ಅವರ ನೇತೃತ್ವದ ಸಮಿತಿ ರಚನೆಯಾಯಿತು, ಮರುವರ್ಷ ವರದಿ ಬಂತು. ಚೀಲದ ತೂಕ ಅಳೆಯಲು ಹೊರಟ ಆ ಸಮಿತಿ ಕೊನೆಗೆ ಮುಟ್ಟಿದ ಜಾಗ ದೊಡ್ಡದು: ಪುಸ್ತಕಗಳ ತೂಕಕ್ಕಿಂತಲೂ ಅರ್ಥವಾಗದೆ ಕಲಿಯುವುದೇ ಮಗುವಿಗೆ ಹೆಚ್ಚು ಕೆಟ್ಟ ಹೊರೆ ಎಂದು ಅದು ಹೇಳಿತು. ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶದಂತೆ ಚೀಲದ ತೂಕ ಮಗುವಿನ ತೂಕದ ಶೇಕಡ 10ನ್ನು ಮೀರಬಾರದು, ಆರರಿಂದ ಎಂಟನೇ ತರಗತಿಯವರಿಗೆ 3ರಿಂದ 4 ಕಿಲೋ. ಏಳನೇ ತರಗತಿಯ ನನ್ನ ಮಗಳ ಚೀಲವನ್ನೂ ಆ ರಾತ್ರಿ ತೂಗಿದೆವು. 5.4 ಕಿಲೋ ಬಂತು. ಮಾರನೆಯ ದಿನದ ವೇಳಾಪಟ್ಟಿಯಲ್ಲಿ ಇಲ್ಲದ ಮೂರು ಪುಸ್ತಕ ಒಳಗಿದ್ದವು. “ಇದ್ಯಾಕಮ್ಮ?” ಎಂದೆ. “ಮಿಸ್ ಕೇಳಿದ್ರೆ ಅಂತ” ಎಂದಳು. ನನ್ನ ಮಾತು ಅವಳ ಬಾಯಿಗೆ ಯಾವಾಗಲೋ ಹೋಗಿ ಸೇರಿತ್ತು. ಅದು ನನಗೆ ನಿಜವಾಗಿ ನೋವಾದ ಗಳಿಗೆ.

ಹೊಸ ಬ್ಯಾಗು ಕೊಳ್ಳುವ ಮೊದಲು ಹಳೆಯದನ್ನು ಹೊಲಿಸಲಾದೀತೇ ನೋಡೋಣವೆಂದು ದೇವರಾಜ ಮಾರುಕಟ್ಟೆಯ ಹತ್ತಿರದ ಒಂದು ಬ್ಯಾಗ್ ರಿಪೇರಿ ಅಂಗಡಿಗೆ ಹೋದೆ. ಒಬ್ಬರು ಕೂರುವಷ್ಟೇ ಜಾಗ, ಒಂದು ಹೊಲಿಗೆ ಯಂತ್ರ, ಮೊಳೆಗಳಲ್ಲಿ ನೇತುಹಾಕಿದ ಹಳೆಯ ಜಿಪ್ಪುಗಳು. ಅರವತ್ತು ದಾಟಿದ ಯಜಮಾನರು ಬ್ಯಾಗನ್ನು ಒಳಗಿನಿಂದ ಹೊರಗೆ ತಿರುವಿ ನನ್ನ ಮುಂದೆ ಹಿಡಿದರು. “ನೋಡಿ ಸಾರ್, ಬಟ್ಟೆ ಹರಿದಿಲ್ಲ. ಹೊಲಿಗೆ ಬಿಟ್ಟಿದೆ. ತಗೊಳ್ಳೋವಾಗ ಎಲ್ಲರೂ ಬಟ್ಟೆ ಮುಟ್ಟಿ ನೋಡ್ತಾರೆ, ಒಳಗಡೆ ತಿರುಗ್ಸಿ ಯಾರೂ ನೋಡಲ್ಲ.” ಪಟ್ಟಿಯ ತುದಿಯನ್ನು ಅರ್ಧ ಇಂಚಷ್ಟೇ ಅಂಚಿನೊಳಗೆ ತೂರಿಸಿ ಒಂದೇ ಸಾಲು ಹೊಲಿಗೆ ಹಾಕಿದ್ದರು. ಅವರು ಇನ್ನೊಂದು ಬ್ಯಾಗು ತೆಗೆದು ತೋರಿಸಿದರು: ಅದರಲ್ಲಿ ಪಟ್ಟಿ ಎರಡು ಇಂಚು ಒಳಗೆ ಇಳಿದಿತ್ತು, ಹಿಂದಿನಿಂದ ಇನ್ನೊಂದು ತುಂಡು ಬಟ್ಟೆಯ ಆಸರೆಯಿತ್ತು, ಮೇಲೆ ಚೌಕ ಹಾಕಿ ನಡುವೆ ಗುಣಾಕಾರದ ಗುರುತಿನಂತೆ ಹೊಲಿದಿದ್ದರು. “ಎಳೆತ ಎಲ್ಲಿ ಬರುತ್ತೋ ಅಲ್ಲಿ ನಾಲ್ಕು ಕಡೆಯಿಂದ ಹಿಡ್ಕೊಂಡಿರಬೇಕು” ಎಂದರು. ನನ್ನ ಬ್ಯಾಗಿನ ಒಳಗೋಡೆಯ ಲೇಪನ ಎದ್ದು ಹುಡಿಹುಡಿಯಾಗಿ ಉದುರುತ್ತಿತ್ತು. ನೀರು ತಡೆಯಲೆಂದು ಬಳಿಯುವ ಆ ಪಾಲಿಯುರೆಥೇನ್ ಪದರವನ್ನು ತೇವವೇ ಕ್ರಮೇಣ ಒಡೆಯುತ್ತದೆ. ಒದ್ದೆ ಬ್ಯಾಗನ್ನು ಒಣಗಿಸದೆ ಮೂಲೆಗೆ ಹಾಕುತ್ತಿದ್ದವನು ನಾನೇ. “ಹೊಲಿದು ಕೊಡ್ತೀನಿ, ಆದ್ರೆ ಮಳೆಗೆ ಆಗಲ್ಲ” ಎಂದು ಅವರು ಹಣ ತೆಗೆದುಕೊಳ್ಳದೆ ಕಳಿಸಿದರು.

ಬ್ಯಾಗಿನ ಬಟ್ಟೆಯ ಮೇಲೆ 420 ಡೆನಿಯರ್, 600 ಡೆನಿಯರ್ ಎಂದು ಬರೆದಿರುತ್ತದಲ್ಲ, ಆ ಅಳತೆ ಹುಟ್ಟಿದ್ದು ರೇಷ್ಮೆಯ ವ್ಯಾಪಾರದಲ್ಲಿ. 9000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. 1912ರಿಂದ ರೇಷ್ಮೆ ನೇಯುತ್ತಿರುವ ಊರಿನಲ್ಲಿ ಬೆಳೆದ ನನಗೆ ಇದು ತಿಳಿದಾಗ ಖುಷಿಯಾಯಿತು. ಆದರೆ ಡೆನಿಯರ್ ದೊಡ್ಡದಾದಷ್ಟೂ ಬ್ಯಾಗು ಒಳ್ಳೆಯದು ಎಂದು ತಿಳಿಯಬಾರದು. ದಪ್ಪ ಎಳೆ ಉಜ್ಜಾಟಕ್ಕೆ ತಡೆಯುತ್ತದೆ, ಹಾಗೆಯೇ ತೂಗುತ್ತದೆ. ಬೆಟ್ಟ ಹತ್ತುವವರಿಗೆ ಬೇಕಾದ ಬಟ್ಟೆಯನ್ನು ಕಚೇರಿಗೆ ಹೋಗುವವನು ಹೊತ್ತರೆ ಅದೂ ಒಂದು ‘ಇರಲಿ’ಯೇ.

ಹೊಸ ಬ್ಯಾಗು ಕೊಳ್ಳಲು ಅಂಗಡಿಗೆ ಹೋಗುವಾಗ ನನ್ನ ದಿನದ ನಾಲ್ಕು ಸಾಮಾನುಗಳನ್ನು ಬಟ್ಟೆಯ ಕೈಚೀಲದಲ್ಲಿ ಒಯ್ದೆ, ಹೆಲ್ಮೆಟ್ಟನ್ನೂ ಒಯ್ದೆ. ಅಂಗಡಿಯ ಬ್ಯಾಗುಗಳ ಹೊಟ್ಟೆಯಲ್ಲಿ ಹಳೆ ಪೇಪರು ತುರುಕಿ ದುಂಡಗೆ ನಿಲ್ಲಿಸಿರುತ್ತಾರೆ. ಖಾಲಿ ಬ್ಯಾಗು ಯಾರ ಬೆನ್ನಿಗಾದರೂ ಹಿತವಾಗಿಯೇ ಇರುತ್ತದೆ, ಅದರ ಗುಣ ತಿಳಿಯುವುದು ಭಾರ ಬಿದ್ದಾಗ. ಪೇಪರು ತೆಗೆಸಿ ನನ್ನ ಸಾಮಾನು ತುಂಬಿದೆ. ಅಂಗಡಿಯ ಹುಡುಗ ಪಾಪ, ಒಳ್ಳೆಯ ಮನಸ್ಸಿನಿಂದಲೇ, “ಇದೇ ದುಡ್ಡಿಗೆ ಮೂವತ್ತೈದು ಲೀಟರ್ ಬರತ್ತೆ ಸಾರ್, ಇಪ್ಪತ್ತು ಯಾಕೆ?” ಎಂದ. ಅವನ ಲೆಕ್ಕ ಸರಿಯೇ. ಆದರೆ ಲೀಟರ್ ಎನ್ನುವುದು ಇಲ್ಲಿ ಟೊಳ್ಳಿನ ಅಳತೆ. ಹಾಲಿನ ಲೀಟರಿನಲ್ಲಿ ಇರುವುದನ್ನು ಅಳೆಯುತ್ತೇವೆ, ಬ್ಯಾಗಿನ ಲೀಟರಿನಲ್ಲಿ ಇಲ್ಲದ್ದನ್ನು. ಮನೆಯಲ್ಲಿ ಅಟ್ಟವಿದ್ದರೆ ಅಟ್ಟ ತುಂಬುತ್ತದೆ, ಷೋಕೇಸಿದ್ದರೆ ಷೋಕೇಸು ತುಂಬುತ್ತದೆ. ಹದಿನೈದು ಲೀಟರ್ ಹೆಚ್ಚಿನ ಟೊಳ್ಳು ಬೆನ್ನ ಮೇಲಿದ್ದರೆ ಅದು ದಿನವೂ ಬೆಳಿಗ್ಗೆ ಏನನ್ನಾದರೂ ಕೇಳುತ್ತಲೇ ಇರುತ್ತದೆ. ನಾನು ಇಪ್ಪತ್ತರದ್ದನ್ನೇ ಹಿಡಿದೆ.

ಕನ್ನಡಿಯ ಮುಂದೆ ನೆಟ್ಟಗೆ ನಿಂತು ಬ್ಯಾಗು ನೋಡುವುದರಿಂದ ಸೈಕಲ್ಲಿನವರಿಗೆ ಉಪಯೋಗವಿಲ್ಲ. ಹ್ಯಾಂಡಲ್ ಹಿಡಿದಂತೆ ಮುಂದಕ್ಕೆ ಬಾಗಬೇಕು, ಹೆಲ್ಮೆಟ್ ಹಾಕಿಕೊಂಡು ತಲೆ ಎತ್ತಬೇಕು. ಎತ್ತರದ ಬ್ಯಾಗಾದರೆ ಹೆಲ್ಮೆಟ್ಟಿನ ಹಿಂಬದಿ ಅದಕ್ಕೆ ತಾಗಿ ಕಣ್ಣು ರಸ್ತೆಯಿಂದ ಕೆಳಗೆ ಜಾರುತ್ತದೆ. ಬಲ ಹೆಗಲ ಮೇಲಿಂದ ಹಿಂದೆ ತಿರುಗಿ ನೋಡಬೇಕು, ಅಗಲದ ಬ್ಯಾಗು ಬರುವ ಗಾಡಿಯನ್ನೇ ಮರೆಮಾಡುತ್ತದೆ. ಎದೆಯ ಪಟ್ಟಿ ಹಾಕಿ ಮೈಯನ್ನು ಅತ್ತಿತ್ತ ತೂಗಿ ನೋಡಬೇಕು. ಪೆಡಲಿನ ಮೇಲೆ ನಿಂತು ತುಳಿಯುವಾಗ ಒಂದು ದಿಕ್ಕಿಗೆ ಮೈ, ಇನ್ನೊಂದು ದಿಕ್ಕಿಗೆ ಚೀಲ ಹೋದರೆ ಸಮತೋಲ ತಪ್ಪುತ್ತದೆ. ಉದ್ದ ಉಳಿದ ಪಟ್ಟಿಯ ತುದಿಗಳನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವುದನ್ನು ಮಾತ್ರ ಮರೆಯಬೇಡಿ, ಅದು ಚಕ್ರಕ್ಕೆ ಸಿಕ್ಕರೆ ಕೆಡವದೆ ಬಿಡುವುದಿಲ್ಲ.

ನಮ್ಮಜ್ಜಿ ನಂಜನಗೂಡಿನ ಕಡೆಯವಳು. ಸೌದೆ ಹೊರೆ ಎತ್ತುವ ಮೊದಲು ಹಳೆ ಸೀರೆಯ ತುಂಡನ್ನು ತಿರುಚಿ ಸಿಂಬಿ ಮಾಡಿ ನೆತ್ತಿಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಹೊರೆಯನ್ನು ಕಟ್ಟುವುದಕ್ಕಿಂತ ಹೆಚ್ಚು ಹೊತ್ತು ಸಿಂಬಿಗೆ ಹಿಡಿಯುತ್ತಿತ್ತು. ಒಂದು ಸಲ ಸುತ್ತಿ, ತಲೆಗಿಟ್ಟು, ಕತ್ತು ಅಲ್ಲಾಡಿಸಿ, ಸರಿಹೋಗಲಿಲ್ಲವೆಂದು ಮತ್ತೆ ಬಿಚ್ಚಿ ಸುತ್ತುತ್ತಿದ್ದಳು. ಭಾರವನ್ನು ಕಡಿಮೆ ಮಾಡುವ ಶಕ್ತಿ ಸಿಂಬಿಗಿಲ್ಲ. ಆದರೆ ಭಾರಕ್ಕೂ ಮೈಗೂ ನಡುವೆ ಅದೊಂದು ಒಪ್ಪಂದ. ಬ್ಯಾಗಿನ ಬೆನ್ನುಭಾಗದ ಮೆತ್ತೆ, ಅದರ ನಡುವಿನ ಗಾಳಿಯ ಕಾಲುವೆಗಳು, ಎಳೆದು ಕಟ್ಟಿದ ಬಲೆ ಇವೆಲ್ಲ ಆ ಸಿಂಬಿಯ ಮೊಮ್ಮಕ್ಕಳು. ಬಲೆಯಿರುವ ಬ್ಯಾಗು ಬೆನ್ನಿಂದ ದೂರ ನಿಂತು ಗಾಳಿ ಆಡಿಸುತ್ತದೆ, ಅದೇ ಕಾರಣಕ್ಕೆ ಭಾರವನ್ನು ಹಿಂದಕ್ಕೆ ಜಗ್ಗುತ್ತದೆ. ನಾನು ಮೈಗೆ ಅಂಟಿ ಕೂರುವುದನ್ನೇ ಆರಿಸಿದೆ. ಬೆವರು ಬರುತ್ತದೆ, ಬರಲಿ. ಲ್ಯಾಪ್‌ಟಾಪು ಬೆನ್ನಿಗೆ ಒತ್ತಿಕೊಂಡು, ಊಟದ ಡಬ್ಬಿ ತಳದಲ್ಲಿ ಕೂತರೆ ನಾಲ್ಕು ಕಿಲೋ ನನ್ನದೇ ಮೈಯ ಭಾಗವಾಗಿಬಿಡುತ್ತದೆ.

ಹಾಗಾದರೆ ಕ್ಯಾರಿಯರಿಗೆ ಕಟ್ಟಬಾರದೇ ಎಂದು ಕೇಳಬಹುದು. ಭಾರ ಐದು ಕಿಲೋ ದಾಟಿದರೆ ಖಂಡಿತ ಕಟ್ಟಬೇಕು, ಹಾಲಿನವರಿಗೂ ಅಂಚೆಯಣ್ಣನಿಗೂ ಗೊತ್ತಿದ್ದ ವಿವೇಕ ಅದು. ಆದರೆ ರಸ್ತೆಯ ಉಬ್ಬಿನ ಪೆಟ್ಟು ಕ್ಯಾರಿಯರಿನ ಮೇಲಿನ ವಸ್ತುವಿಗೆ ನೇರವಾಗಿ ಬೀಳುತ್ತದೆ, ಬೆನ್ನ ಮೇಲಿದ್ದರೆ ಮೊಣಕೈ ಮಂಡಿಗಳೇ ಸ್ಪ್ರಿಂಗಾಗಿ ಅದನ್ನು ನುಂಗಿಕೊಳ್ಳುತ್ತವೆ. ಇನ್ನೊಂದು ಚಿತ್ರವೂ ನನ್ನ ಕಣ್ಣಲ್ಲಿದೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ ನಮ್ಮೂರಿನ ದಾರಿಯಲ್ಲಿ ಸಂಜೆ ಹುಡುಗಿಯರ ಸಾಲು ಕಾಣುತ್ತಿತ್ತು. ಕ್ಯಾರಿಯರ್ ಇದ್ದರೂ ಚೀಲ ಬೆನ್ನ ಮೇಲೇ. ಯಾಕೆಂದರೆ ಕ್ಯಾರಿಯರಿನ ಮೇಲೆ ಗೆಳತಿ ಕೂತಿರುತ್ತಿದ್ದಳು.

ಬಣ್ಣದ ವಿಷಯಕ್ಕೆ ಬಂದರೆ ಅಂಗಡಿಯ ಮುಕ್ಕಾಲು ಬ್ಯಾಗುಗಳು ಕಪ್ಪು, ಇಲ್ಲವೇ ಬೂದಿ. ಕೊಳೆ ಕಾಣುವುದಿಲ್ಲ ಎಂಬುದು ಅವುಗಳ ಹೊಗಳಿಕೆ. ಸಂಜೆ ಆರೂವರೆಗೆ ಕೆಆರ್‌ಎಸ್ ರಸ್ತೆಯಲ್ಲಿ ಬರುವಾಗ ಕಪ್ಪು ಬೆನ್ನಿನ ಸೈಕಲ್ ಸವಾರ ಕೂಡ ಕಾಣುವುದಿಲ್ಲ. ಬೆನ್ನು ತಟ್ಟುವುದು, ಬೆನ್ನಿಗೆ ನಿಲ್ಲುವುದು, ಬೆನ್ನಿಗೆ ಚೂರಿ ಹಾಕುವುದು, ಕನ್ನಡದಲ್ಲಿ ಬೆನ್ನಿಗೆ ಏನೇ ಆದರೂ ಅದು ಆಗುವುದು ಇನ್ನೊಬ್ಬರಿಂದ. ಹಾಗಿದ್ದ ಮೇಲೆ ಬ್ಯಾಗಿನ ಹೊರಮೈ ನನ್ನದಲ್ಲ, ಹಿಂದೆ ಬರುವವರದ್ದು. ಅದಕ್ಕೇ ನಾನು ಕಿತ್ತಳೆ ಬಣ್ಣದ್ದನ್ನು ಆರಿಸಿದೆ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇದ್ದದ್ದನ್ನು. ಆ ಪಟ್ಟಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳಿರುತ್ತವೆ. ಸಾಧಾರಣ ಕನ್ನಡಿಯಂತೆ ಅವು ಬೆಳಕನ್ನು ಬೇರೊಂದು ದಿಕ್ಕಿಗೆ ಎಸೆಯುವುದಿಲ್ಲ, ಬಂದ ದಾರಿಯಲ್ಲೇ ವಾಪಸು ಕಳಿಸುತ್ತವೆ. ಲಾರಿಯ ದೀಪದ ಬೆಳಕು ಲಾರಿಯವರ ಕಣ್ಣಿಗೇ ಮರಳುತ್ತದೆ. ಪಕ್ಕದ ಟೀ ಅಂಗಡಿಯ ಬಳಿ ನಿಂತವರಿಗೆ ಅದೇ ಕ್ಷಣ ಅದು ಬರೀ ಬೂದು ಬಣ್ಣದ ಪಟ್ಟಿ. ಯಾರು ನೋಡಲೇಬೇಕೋ ಅವರಿಗೆ ಮಾತ್ರ ಅದು ಬೆಳಗುತ್ತದೆ.

ಮಳೆಗೆ ನಾನು ಕಂಡುಕೊಂಡ ಉಪಾಯ ಬಹಳ ಸರಳ. ನೀರು ಬಟ್ಟೆಗಿಂತ ಹೆಚ್ಚಾಗಿ ಜಿಪ್ಪಿನಿಂದ, ಹೊಲಿಗೆಯ ಸೂಜಿ ತೂತುಗಳಿಂದ ಒಳಗೆ ಬರುತ್ತದೆ. ಮಡ್‌ಗಾರ್ಡ್ ಇಲ್ಲದ ಸೈಕಲ್ಲಾದರೆ ಹಿಂದಿನ ಚಕ್ರ ಕೆಳಗಿನಿಂದಲೂ ಎರಚುತ್ತದೆ. ಮೇಲಿನಿಂದ ಮುಚ್ಚುವ ಕವಚ ಗಾಳಿಗೆ ಪಟಪಟಿಸುತ್ತದೆ, ಇಳಿದ ನೀರನ್ನು ತಳದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ, ಅದರೊಳಗೆ ಸಾಮಾನಿಟ್ಟು ಬಾಯಿ ಮಡಚಿದರೆ ಸಾಕು. ಹೊರಗಿನದು ನೆನೆಯಲಿ ಎಂದು ಬಿಟ್ಟುಕೊಟ್ಟು ಒಳಗಿನದನ್ನು ಕಾಯುವುದು.

ಇಷ್ಟೆಲ್ಲ ಆದ ಮೇಲೂ ಚಾಪೆಯ ಮೇಲಿನ ರಾಶಿ ಉಳಿದಿತ್ತು. ಯಾವ ಆದೀತನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು? ಪಂಕ್ಚರ್ ಆದೀತು ಎಂಬುದಕ್ಕೆ ಒಂದು ಟ್ಯೂಬು, ಟೈರು ಬಿಚ್ಚುವ ಎರಡು ಸನ್ನೆ, ಒಂದು ಪುಟ್ಟ ಪಂಪು ಬೇಕೇ ಬೇಕು. ನನ್ನ ಚಕ್ರದ ಅಳತೆಯ ಟ್ಯೂಬು ದಾರಿಯಲ್ಲಿ ಸಿಗುವುದಿಲ್ಲ. ಮಳೆಕೋಟು ಉಳಿಯಿತು, ಕೊಡೆ ಹೋಯಿತು. ಮಿಕ್ಕವನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡುವಾಗ ಒಂದು ವಿಷಯ ಹೊಳೆಯಿತು. ಪೆನ್ನು ಪಕ್ಕದ ಮೇಜಿನವರ ಬಳಿ ಇರುತ್ತದೆ. ಗುಳಿಗೆ ಕಚೇರಿಯ ಕೆಳಗಿನ ಅಂಗಡಿಯಲ್ಲಿದೆ. ಸ್ಪ್ಯಾನರು ದಾರಿಯ ಮೂರು ಸೈಕಲ್ ಷಾಪುಗಳಲ್ಲಿದೆ. ಚಳಿಯಾದರೆ ಯಾರಾದರೂ ಏನಾದರೂ ಕೊಟ್ಟಾರು. ಇವೆಲ್ಲ ಕೇಳಿದರೆ ಸಿಗುವ ವಸ್ತುಗಳು. ಇಷ್ಟು ವರ್ಷ ನಾನು ಹೊತ್ತದ್ದು ಪೆನ್ನನ್ನೂ ಸ್ಪ್ಯಾನರನ್ನೂ ಅಲ್ಲ, ಯಾರನ್ನೂ ಕೇಳಬೇಕಾಗಿ ಬರಬಾರದು ಎಂಬುದನ್ನು. ಅದಕ್ಕೆ ಮೂರು ಕಿಲೋ ತೂಕವಿತ್ತು.

ಹೆಗಲಿನ ಚೀಲದಲ್ಲಿ ನಮಗೆ ಇನ್ನೊಂದು ಪರಂಪರೆಯಿದೆ, ಜೋಳಿಗೆಯದ್ದು. ಜಂಗಮರ ಜೋಳಿಗೆ ಬೆಳಿಗ್ಗೆ ಖಾಲಿ ಹೊರಡುತ್ತದೆ. ನನ್ನ ಬ್ಯಾಗು ಮನೆಯಿಂದ ತುಂಬಿ ಹೊರಟು ತುಂಬಿಯೇ ಮರಳುತ್ತಿತ್ತು, ನಡುವೆ ಅದಕ್ಕೆ ಜಗತ್ತಿನಿಂದ ಏನೂ ಬೇಡವಾಗಿತ್ತು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಅಕ್ಕಿ ರಾಗಿ ಕೇಳಲಿಲ್ಲ, ನಿಮ್ಮ ಕುಡಿತವನ್ನು, ಬೀಡಿಯನ್ನು, ಚಟಗಳನ್ನು ಇದಕ್ಕೆ ಹಾಕಿ ಎಂದು ಕೇಳಿದರು. ಅವರ ಹುಟ್ಟುಹಬ್ಬದ ದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಚೀಲವೊಂದು ಇನ್ನೊಬ್ಬರ ಭಾರ ಇಳಿಸುವುದಕ್ಕೂ ಬಾಯ್ತೆರೆದು ನಿಲ್ಲಬಹುದು ಎಂಬುದನ್ನು ನಾನು ಸೈಕಲ್ ತುಳಿಯುವಾಗ ಆಗಾಗ ನೆನೆಯುತ್ತೇನೆ.

ಈಗ ನನ್ನ ಕಿತ್ತಳೆ ಬ್ಯಾಗು ಎಲ್ಲ ಸೇರಿ 5.3 ಕಿಲೋ. ಐದರ ಗೆರೆಯನ್ನು ಇನ್ನೂ ಒಂದು ಎಳೆಯಷ್ಟು ದಾಟಿದೆ, ಹೋಗುವ ದಾರಿಯಲ್ಲಿ ಅರ್ಧ ಬಾಟಲಿ ನೀರು ಕುಡಿದಾಗ ಸರಿಹೋಗುತ್ತದೆ. ಮಗಳೂ ರಾತ್ರಿ ವೇಳಾಪಟ್ಟಿ ನೋಡಿ ತನ್ನ ಚೀಲ ಜೋಡಿಸುತ್ತಾಳೆ. ಮೊನ್ನೆ ಗಣಿತದ ಪುಸ್ತಕ ಮರೆತು ಪಕ್ಕದವಳದ್ದರಲ್ಲಿ ನೋಡಿಕೊಂಡಳಂತೆ. ಆ ಪಕ್ಕದವಳು ಈಗ ಭಾನುವಾರ ನಮ್ಮ ಮನೆಗೆ ಬರುತ್ತಾಳೆ.

ಹೋದ ವಾರ ಕಚೇರಿಯಿಂದ ಬರುವಾಗ ದಾರಿಯ ಬದಿಯಲ್ಲಿ ಗೋಣಿ ಹಾಸಿಕೊಂಡು ಸೊಪ್ಪು ಮಾರುತ್ತಿದ್ದ ಅಜ್ಜಿಯ ಮುಂದೆ ಸೈಕಲ್ ನಿಲ್ಲಿಸಿದೆ. ದಂಟಿನ ಸೊಪ್ಪು ಎರಡು ಕಟ್ಟು. ಬ್ಯಾಗಿನಲ್ಲಿ ಖಾಲಿ ಡಬ್ಬಿಯ ಮೇಲೆ ಅದಕ್ಕೆ ಜಾಗವಿತ್ತು. ಎಲೆಯ ತುದಿಗಳು ಜಿಪ್ಪಿನಿಂದ ಹೊರಗೆ ಉಳಿದವು. ದುಡ್ಡು ಕೊಟ್ಟು ಎದೆಯ ಪಟ್ಟಿ ಹಾಕಿಕೊಳ್ಳುತ್ತಿದ್ದಾಗ ಅಜ್ಜಿ ಗೋಣಿಯ ಅಂಚಿನಿಂದ ಒಂದು ಹಿಡಿ ಕರಿಬೇವು ತೆಗೆದು ನನ್ನ ಕಡೆಗೆ ಚಾಚಿದಳು. ಎಷ್ಟು ಎಂದು ಕೇಳಿದೆ.

“ಇರಲಿ ಮಗ, ಇಟ್ಕೋ” ಎಂದಳು.